ಆಪತ್ಕಾಲದ ವೈದ್ಯಧರ್ಮ

ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮಪರ್ವವೆಂಬ ಒಂದು ಭಾಗವುಂಟು. ಕಷ್ಟಕಾಲವು ಬಂದೊದಗಿದಾಗ ಮನುಷ್ಯನು ಹೇಗೆ ನಡೆಯತಕ್ಕದ್ದೆಂಬುದನ್ನು ಶರಶಯ್ಯೆಯಲ್ಲಿದ್ದ ಭೀಷ್ಮರು ಧರ್ಮರಾಯನಿಗೆ ಅಲ್ಲಿ ಉಪದೇಶಿಸುತ್ತಾರೆ. ಹನ್ನೆರಡು ವರ್ಷದ ಕ್ಷಾಮದಲ್ಲಿ ಹಸಿವು ತಾಳಲಾರದೆ ವಿಶ್ವಾಮಿತ್ರನು ಪರರ ಗುಡಿಸಲಿನಲ್ಲಿ ನಾಯಿಯ ಮಾಂಸವನ್ನು ಕದಿಯಹೋದ ಕಥೆಯೂ ಅಲ್ಲಿಯೇ ಬರುತ್ತದೆ. ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ಈ ಕಥೆಯನ್ನು ಹೇಳಿದಾಗಲೆಲ್ಲ ಹುಡುಗರಲ್ಲಿ ಒಬ್ಬನಾದರೂ ಎದ್ದು ನಿಂತು, “ಗುರುಗಳೇ, ಹಾಗಾದರೆ ಕಷ್ಟ ಬಂದಾಗ ಏನು ಮಾಡಿದರೂ ತಪ್ಪಿಲ್ಲವೇ?” ಎಂದು ಕೇಳುತ್ತಿದ್ದನು. “ಹಾಗಲ್ಲ ತಮ್ಮಾ, ಕಷ್ಟದಲ್ಲಿ ಧರ್ಮವು ಇಲ್ಲವಾಗುವುದಿಲ್ಲ; ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಹೆಚ್ಚು ಎಚ್ಚರದಿಂದ ಕಾಲಿಡಬೇಕು” ಎಂದು ನಾವು ಉತ್ತರ ಹೇಳುತ್ತಿದ್ದೆವು. ಅಂದು ಪಾಠದ ಮಾತಾಗಿ ಹೇಳಿದ್ದು ಇಂದು ನಮ್ಮ ಊರುಗಳ ಆಸ್ಪತ್ರೆಗಳನ್ನು ಕಂಡಾಗ ಮತ್ತೆ ನೆನಪಿಗೆ ಬರುತ್ತದೆ. ಆದಕಾರಣ ಈ ವಿಷಯವನ್ನು ವಾಚಕರ ಮುಂದಿಡಲು ಉದ್ಯುಕ್ತರಾಗಿದ್ದೇವೆ.

ವೈದ್ಯಶಾಸ್ತ್ರವನ್ನು ನಾವು ಕಲಿತವರಲ್ಲ. ಆದರೆ ಆಸ್ಪತ್ರೆಯೆಂಬುದು ವೈದ್ಯರೊಬ್ಬರದೇ ಸ್ವತ್ತಲ್ಲವಷ್ಟೆ. ಪ್ರತಿಯೊಂದು ಮನೆಯವರೂ ಒಂದಲ್ಲ ಒಂದು ದಿನ ಅದರ ಮೆಟ್ಟಿಲನ್ನು ಹತ್ತಬೇಕಾದವರೇ. ನಮ್ಮ ಬಳ್ಳಾರಿಯ ಸುತ್ತಲಿನವರಿಗಂತೂ ಇದು ವಿಶೇಷವಾಗಿ ವಿದಿತವಾದ ಸಂಗತಿ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಹಾವು ಕಚ್ಚಿದರೂ, ಕುರುಗೋಡಿನ ಗುಡ್ಡದ ಕೆಳಗಿನ ರಸ್ತೆಯಲ್ಲಿ ಗಾಡಿ ಮಗುಚಿದರೂ, ಪ್ರಾಣಕ್ಕೆ ಬಂತೆಂದರೆ ಎಲ್ಲರೂ ಓಡಿಬರುವುದು ಬಳ್ಳಾರಿ ನಗರಕ್ಕೇ. ೧೯೬೧ರಲ್ಲಿ ಇಲ್ಲಿ ಸರ್ಕಾರದ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಅದರ ಆಸ್ಪತ್ರೆಯು ರಾಯಚೂರು, ಕೊಪ್ಪಳಗಳ ಕಡೆಯವರಿಗೂ ಆಂಧ್ರದ ನೆರೆಯ ಜಿಲ್ಲೆಗಳವರಿಗೂ ಕಡೆಯ ಆಸರೆಯಾಗಿ ನಿಂತಿದೆ. ಇಷ್ಟು ಜನರ ಆಸರೆಯಾದುದು ಒಂದು ಗಳಿಗೆ ಅಲುಗಾಡಿದರೂ ಎಷ್ಟು ಮನೆಗಳು ಅಲುಗಾಡುವುವೆಂಬುದನ್ನು ಹೇಳಬೇಕಾದುದಿಲ್ಲ.

ಆಪತ್ತಿನಲ್ಲಿ ವೈದ್ಯನ ಧರ್ಮವೇನು ಎಂಬ ಪ್ರಶ್ನೆಯು ನಮ್ಮ ಸೀಮೆಗೆ ಹೊಸದಲ್ಲ. ೧೮೭೬ರಲ್ಲಿ ಆರಂಭವಾದ ಧಾತು ಸಂವತ್ಸರದ ಬರವನ್ನು ಹಿರಿಯರ ಬಾಯಲ್ಲಿ ಕೇಳಿದವರು ಈಗಲೂ ಇದ್ದಾರೆ. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯು ಆ ಬರದಿಂದ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ೧೮೭೭ರಲ್ಲಿ ವೈಸರಾಯರ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಖರ್ಚನ್ನು ಹಿಡಿತದಲ್ಲಿಡಲೋಸುಗ, ಬರಪರಿಹಾರದ ಕೆಲಸಕ್ಕೆ ಬಂದ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸು ಸಾಕೆಂದು ಗೊತ್ತುಮಾಡಿದನು. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಎಂಬಾತನು, ಕಲ್ಲು ಹೊರುವ ಮನುಷ್ಯನ ದೇಹವು ಅಷ್ಟರಿಂದ ನಿಲ್ಲಲಾರದೆಂದು ತನ್ನ ಮೇಲಿನವರಿಗೇ ಎದುರಾಗಿ, ಮರಣಗಳ ಲೆಕ್ಕವನ್ನು ಮುಂದಿಟ್ಟು ವಾದಿಸಿದನು. ಕೊನೆಗೆ ಆ ವರ್ಷವೇ ಪಡಿಯನ್ನು ಹೆಚ್ಚಿಸಲಾಯಿತು. ಅಷ್ಟರೊಳಗೆ ಹೋದ ಜೀವಗಳು ಹೋದವು. ಆತನ ಕೈಯಲ್ಲಿ ಔಷಧಿಯಿರಲಿಲ್ಲ; ನಿಜವಾದ ಅಂಕಿಯೂ ಅದನ್ನು ನುಡಿಯುವ ಧೈರ್ಯವೂ ಇದ್ದುವು. ಆಪತ್ಕಾಲದಲ್ಲಿ ವೈದ್ಯನ ಮೊದಲನೆಯ ಸಾಧನವು ಸತ್ಯವೆಂಬುದಕ್ಕೆ ಇದು ನಮ್ಮ ನೆಲದ ಸಾಕ್ಷಿ.

ಈಗ ಸಮೀಪ ಕಾಲಕ್ಕೆ ಬರೋಣ. ೨೦೨೨ನೆಯ ಇಸವಿ ಸೆಪ್ಟೆಂಬರ್ ೧೪ರಂದು ಬಳ್ಳಾರಿಯ ಮೇಲ್ಕಂಡ ಆಸ್ಪತ್ರೆಯಲ್ಲಿ ವಿದ್ಯುತ್ತಿನ ವ್ಯತ್ಯಯವುಂಟಾಯಿತು. ಆಗ ಅದು ವಿಮ್ಸ್ ಎಂಬ ಹೆಸರಿನಿಂದ ನಡೆಯುತ್ತಿತ್ತು. ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರೆಂಬ ಕೃತಕ ಉಸಿರಾಟದ ಯಂತ್ರದ ಆಶ್ರಯದಲ್ಲಿದ್ದ ಇಬ್ಬರು ರೋಗಿಗಳು ಆ ದಿನ ತೀರಿಕೊಂಡರು. ವಿದ್ಯುತ್ತು ನಿಂತುದರಿಂದಲೇ ಯಂತ್ರವು ನಿಂತಿತೆಂದೂ ಅದರಿಂದಲೇ ಮರಣವಾಯಿತೆಂದೂ ಬಂಧುಗಳು ಗೋಳಿಟ್ಟರು. ಯಂತ್ರಗಳಿಗೆ ಬ್ಯಾಟರಿಯ ಬಲವಿತ್ತು, ರೋಗದ ಉಲ್ಬಣವೇ ಕಾರಣವೆಂದು ಸಂಸ್ಥೆಯವರೂ ಸರ್ಕಾರದವರೂ ಹೇಳಿದರು. ವಿಷಯವು ವಿಧಾನಸಭೆಯವರೆಗೂ ಹೋಯಿತು. ತನಿಖೆಗೆ ಸಮಿತಿಯು ನೇಮಕವಾಯಿತು. ಮೃತರ ಮನೆಯವರಿಗೆ ಪರಿಹಾರವೂ ಘೋಷಿತವಾಯಿತು.

ಇಲ್ಲಿ ತೀರ್ಪು ಹೇಳುವ ಅಧಿಕಾರ ನಮಗಿಲ್ಲ. ನಾವು ಕೇಳುವುದು ಬೇರೆಯೇ ಒಂದು ಪ್ರಶ್ನೆ. ವಿದ್ಯುತ್ತು ಎಷ್ಟು ಹೊತ್ತಿಗೆ ನಿಂತಿತು, ಯಾವ ಯಂತ್ರವು ಎಷ್ಟು ನಿಮಿಷ ಬ್ಯಾಟರಿಯಿಂದ ನಡೆಯಿತು, ಆ ನಿಮಿಷಗಳಲ್ಲಿ ರೋಗಿಯ ಪಕ್ಕದಲ್ಲಿದ್ದವರು ಯಾರು, ಅವರು ಏನು ಮಾಡಿದರು, ಈ ನಾಲ್ಕು ಮಾತುಗಳನ್ನು ಅಂದೇ ಬರೆದಿಟ್ಟು, ಅಂದೇ ಮನೆಯವರನ್ನು ಕೂರಿಸಿಕೊಂಡು ಓದಿ ಹೇಳುವ ಪದ್ಧತಿಯು ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಇರಬೇಡವೇ? ಅಂತಹ ಬರವಣಿಗೆಯು ಕೈಯಲ್ಲಿದ್ದರೆ ತಪ್ಪಿಲ್ಲದ ವೈದ್ಯನಿಗೆ ಅದು ರಕ್ಷೆ. ದುಃಖಿತನಾದ ಮಗನಿಗೆ ಅದು ಸಮಾಧಾನ.

ನಮ್ಮ ಅನುಭವದ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಊರಿನ ಹೆಸರೂ ಆಸ್ಪತ್ರೆಯ ಹೆಸರೂ ಬೇಡ. ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕನವರು ಉಸಿರಾಟದ ತೊಂದರೆಯಿಂದ ಒಂದು ಆಸ್ಪತ್ರೆಯಲ್ಲಿ ಯಂತ್ರದ ಆಶ್ರಯದಲ್ಲಿದ್ದರು. ವೈಶಾಖದ ಒಂದು ರಾತ್ರಿ ಗಾಳಿ ಮಳೆಗೆ ದೀಪಗಳು ಆರಿದುವು. ಜನರೇಟರಿನ ಸದ್ದು ಕೇಳಿಸಲಿಲ್ಲ. ಯಂತ್ರವು ಸ್ವಲ್ಪ ಹೊತ್ತು ಕೂಗಿಕೊಂಡು ಸುಮ್ಮನಾಯಿತು. ಆಗ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಒಬ್ಬ ದಾದಿಯು ಓಡಿಬಂದು, ಗೋಡೆಯ ಮೊಳೆಗೆ ತೂಗುಹಾಕಿದ್ದ ರಬ್ಬರಿನ ಆಂಬು ಚೀಲವನ್ನು ತೆಗೆದು, ಅಕ್ಕನವರ ಬಾಯಿಯೊಳಗಿನ ನಳಿಗೆಗೆ ಜೋಡಿಸಿ, ಕೈಯಿಂದ ಒತ್ತಿ ಒತ್ತಿ ಉಸಿರು ಕೊಡತೊಡಗಿದಳು. ನಮ್ಮ ಕೈಗೆ ಮೊಬೈಲಿನ ದೀಪವನ್ನು ಕೊಟ್ಟು, “ಯಜಮಾನ್ರೇ, ಎದೆಯ ಮೇಲೆ ಬೆಳಕು ಹಿಡೀರಿ, ಕೈ ಅಲುಗಾಡಿಸಬೇಡಿ” ಎಂದಳು. ಇಪ್ಪತ್ತು ನಿಮಿಷ ಹಾಗೆಯೇ ಕಳೆಯಿತು. ಅವಳ ಕೈ ಸೋತಾಗ ಪಕ್ಕದ ರೋಗಿಯ ಮಗನಿಗೆ ಹೇಳಿಕೊಟ್ಟು ಒತ್ತಿಸಿದಳು. ಜನರೇಟರಿನಲ್ಲಿ ದೋಷವೇನೂ ಇರಲಿಲ್ಲ, ಡೀಸೆಲೂ ಇತ್ತು. ಅದರ ಕೋಣೆಯ ಕೀಲಿಕೈಯು ಊಟಕ್ಕೆ ಹೋದವನ ಜೇಬಿನಲ್ಲಿತ್ತು.

ಅಕ್ಕನವರು ಆ ರಾತ್ರಿ ಉಳಿದರು. ಆದರೆ ಆ ಕೀಲಿಕೈಯು ನಮ್ಮ ಮನಸ್ಸಿನಿಂದ ಮರೆಯಾಗಲಿಲ್ಲ. ಆ ಹುಡುಗಿಯ ಕರುಣೆ ದೊಡ್ಡದು. ಅವಳ ಅಭ್ಯಾಸ ಇನ್ನೂ ದೊಡ್ಡದು. ಅವಳು ಕತ್ತಲಲ್ಲಿ ಚೀಲವನ್ನು ಹುಡುಕಲಿಲ್ಲ, ಅದು ಎಲ್ಲಿದೆಯೆಂದು ಅವಳಿಗೆ ಮೊದಲೇ ಗೊತ್ತಿತ್ತು. ಊಟಕ್ಕೆ ಹೋದವನು ಕೆಟ್ಟವನಲ್ಲ; ಕೀಲಿಕೈಯನ್ನು ಎಲ್ಲಿಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಬ್ಬ ಮನುಷ್ಯನ ಜೀವವು ಒಂದು ಮೊಳೆಯ ಮೇಲೂ ಒಂದು ಜೇಬಿನೊಳಗೂ ನಿಂತಿರಬಹುದೆಂದು ನಾವು ಅಂದು ಅರಿತೆವು.

ಚರಕಾಚಾರ್ಯರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯನು, ಔಷಧದ್ರವ್ಯವು, ಶುಶ್ರೂಷೆ ಮಾಡುವವನು, ರೋಗಿಯು. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಎಣಿಸುತ್ತ, ದ್ರವ್ಯದ ಗುಣಗಳಲ್ಲಿ ಮೊಟ್ಟಮೊದಲು ಹೇಳುವುದು ಅದರ ಸಮೃದ್ಧಿಯನ್ನು. ಔಷಧಿ ಉತ್ತಮವಾಗಿದ್ದರೆ ಸಾಲದು, ಬೇಕಾದಷ್ಟು ಇರಬೇಕೆಂಬುದು ಆಚಾರ್ಯರ ಅಭಿಪ್ರಾಯ. ಇಂದಿನ ಆಸ್ಪತ್ರೆಯಲ್ಲಿ ವಿದ್ಯುತ್ತೂ ಪ್ರಾಣವಾಯುವೂ ರಕ್ತವೂ ನೀರೂ ಔಷಧಿಯ ಸ್ಥಾನದಲ್ಲಿಯೇ ನಿಂತಿರುವುದರಿಂದ ಅವುಗಳನ್ನು ಕಾಯುವವನೂ ಶುಶ್ರೂಷೆಯವನೇ. ವಾರಕ್ಕೊಮ್ಮೆ ಜನರೇಟರನ್ನು ಬರಿದೇ ಸದ್ದುಮಾಡಿಸದೆ, ಆಸ್ಪತ್ರೆಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ಪರೀಕ್ಷಿಸುವುದು, ತಂತಿಗಳನ್ನು ನೋಡುವುದು, ಪ್ರತಿ ಯಂತ್ರದ ಬ್ಯಾಟರಿಯು ಎಷ್ಟು ನಿಮಿಷ ನಿಲ್ಲುವುದೆಂದು ಅಳೆದು ಅದರ ಮೇಲೆಯೇ ಬರೆದಂಟಿಸುವುದು, ಹಾಸಿಗೆಗೊಂದು ಆಂಬು ಚೀಲವಿಡುವುದು: ಇವು ಸಣ್ಣ ಕೆಲಸಗಳಾಗಿ ಕಾಣುತ್ತವೆ. ವೈದ್ಯಧರ್ಮದ ದೊಡ್ಡ ಪಾಲು ಈ ಸಣ್ಣ ಕೆಲಸಗಳಲ್ಲಿಯೇ ಅಡಗಿದೆಯೆಂದು ನಮಗೆ ತೋರುತ್ತದೆ.

ನೀರಿನ ಆಪತ್ತನ್ನು ಸಿರುಗುಪ್ಪದವರಿಗೆ ವಿವರಿಸಬೇಕಾಗಿಲ್ಲ. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಹಗರಿಯೆನಿಸಿದ ವೇದಾವತಿ. ೨೦೦೯ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಿನ ದಿನಗಳಲ್ಲಿ ಬಂದ ಮಹಾಪ್ರವಾಹದಲ್ಲಿ ಈ ತಾಲ್ಲೂಕಿನ ಹಳ್ಳಿಗಳು ನೀರಿನಲ್ಲಿ ನಿಂತುವು. ಕೆಳಗೆ ಮಂತ್ರಾಲಯವೂ ಕರ್ನೂಲು ನಗರವೂ ಮುಳುಗಿದುವು. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಬಾಗಿಲುಗಳಲ್ಲಿ ೧೯ನೆಯದರ ಸರಪಳಿಯು ತುಂಡಾಗಿ ಬಾಗಿಲೇ ಕೊಚ್ಚಿಹೋಯಿತು. ನದೀತೀರದವರಿಗೆ ಎಚ್ಚರಿಕೆ ಕೊಡಲಾಯಿತು. ಕನ್ನಯ್ಯ ನಾಯ್ಡು ಎಂಬ ಹಿರಿಯ ತಂತ್ರಜ್ಞರ ನೇತೃತ್ವದಲ್ಲಿ ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಬಾಗಿಲನ್ನು ಇಳಿಸಿ ನೀರನ್ನು ಉಳಿಸಿದರು. ದೊಡ್ಡ ಅನಾಹುತವು ತಪ್ಪಿತು. ತಪ್ಪಿದ ಅನಾಹುತವು ಒಳ್ಳೆಯ ಗುರು. ಆದರೆ ಶಿಷ್ಯನು ಕಲಿಯಬೇಕು.

ಪ್ರವಾಹವು ಆಸ್ಪತ್ರೆಯನ್ನೇ ಸುತ್ತುವರಿದರೆ ಏನಾಗುವುದೆಂಬುದಕ್ಕೆ ಅಮೇರಿಕದ ನ್ಯೂ ಆರ್ಲಿಯನ್ಸ್ ಪಟ್ಟಣವು ಉದಾಹರಣೆ. ೨೦೦೫ರಲ್ಲಿ ಕತ್ರೀನಾ ಚಂಡಮಾರುತವು ಬಡಿದಾಗ ಅಲ್ಲಿಯ ಮೆಮೋರಿಯಲ್ ಎಂಬ ಆಸ್ಪತ್ರೆಯ ಸುತ್ತ ನೀರು ನಿಂತಿತು; ಜನರೇಟರುಗಳೂ ನಿಂತುವು. ಕತ್ತಲು, ಸೆಕೆ, ಮೇಲೆ ಸಾಗಿಸಲು ಲಿಫ್ಟಿಲ್ಲ. ಯಾರನ್ನು ಮೊದಲು ಹೊರಕ್ಕೆ ಕಳುಹಿಸುವುದೆಂದು ದಣಿದ ವೈದ್ಯರು ಅಲ್ಲಲ್ಲಿಯೇ ಸಂಖ್ಯೆಗಳನ್ನು ಗುರುತುಹಾಕಿದರು. ತೀರ ಕಾಹಿಲೆಯವರು ಕಡೆಗೆ ಉಳಿದರು. ನೀರಿಳಿದ ಮೇಲೆ ಅಲ್ಲಿ ೪೫ ಶವಗಳು ದೊರೆತುವು. ಮದ್ದು ಕೊಟ್ಟು ಕೆಲವರ ಅಂತ್ಯವನ್ನು ತಂದರೆಂಬ ಆರೋಪದ ಮೇಲೆ ೨೦೦೬ರಲ್ಲಿ ಒಬ್ಬ ವೈದ್ಯೆಯೂ ಇಬ್ಬರು ದಾದಿಯರೂ ಬಂಧಿತರಾದರು. ಮರುವರ್ಷ ಅಲ್ಲಿಯ ಪಂಚರು ವೈದ್ಯೆಯ ಮೇಲೆ ದೋಷಾರೋಪ ಹೊರಿಸಲು ಒಪ್ಪಲಿಲ್ಲ. ಅಷ್ಟು ಶ್ರೀಮಂತ ದೇಶದ ವೈದ್ಯರೂ ಆ ಸಂಕಟಕ್ಕೆ ಸಿಕ್ಕಿದುದೇಕೆ? ವಿದ್ಯುತ್ತಿನ ಮುಖ್ಯ ಸಲಕರಣೆಗಳು ನೀರು ಬರಬಲ್ಲ ಎತ್ತರದಲ್ಲಿದ್ದುವು. ಅವು ಮೇಲಿನ ಅಂತಸ್ತಿನಲ್ಲಿದ್ದಿದ್ದರೆ ಆ ಘೋರ ಪ್ರಶ್ನೆಗಳಲ್ಲಿ ಅನೇಕವು ಹುಟ್ಟುತ್ತಲೇ ಇರಲಿಲ್ಲ.

ನಾವು ಹೇಳಬೇಕಾದ ಮುಖ್ಯವಾದ ಮಾತು ಇದೇ: ಆಪತ್ತಿನ ದಿನದ ಧರ್ಮಸಂಕಟವು ಬಹುಮಟ್ಟಿಗೆ ಆಪತ್ತಿಲ್ಲದ ದಿನದ ಅಲಕ್ಷ್ಯದ ಫಲ. ಆದುದರಿಂದ ನದೀತೀರದ ತಾಲ್ಲೂಕಿನಲ್ಲಿ ಮಳೆಗಾಲಕ್ಕೆ ಮೊದಲೇ ಜನರೇಟರನ್ನು ಎತ್ತರಕ್ಕೆ ಏರಿಸತಕ್ಕದ್ದು. ಹೆರಿಗೆಯ ದಿನ ಹತ್ತಿರವಾದ ಹೆಣ್ಣುಮಕ್ಕಳ, ಮೂತ್ರಪಿಂಡದ ಕಾಯಿಲೆಯಿಂದ ಡಯಾಲಿಸಿಸ್ ಮಾಡಿಸಿಕೊಳ್ಳುವವರ, ಇನ್ಸುಲಿನ್ ಚುಚ್ಚಿಕೊಳ್ಳುವವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಊರೂರಿನಲ್ಲಿ ಮಾಡಿಟ್ಟು, ಅಣೆಕಟ್ಟಿನಿಂದ ನೀರು ಬಿಡುವ ಸೂಚನೆ ಬಂದೊಡನೆ ಮೊದಲು ಅವರನ್ನು ಸಾಗಿಸತಕ್ಕದ್ದು. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರು. ರಸ್ತೆ ಮುಳುಗಿದ ಮೇಲೆ ಹೊರಟ ಆಂಬ್ಯುಲೆನ್ಸು ದಾರಿಯಲ್ಲಿಯೇ ನಿಂತೀತು.

ಎಷ್ಟು ಸಿದ್ಧತೆಯಿದ್ದರೂ ಒಮ್ಮೊಮ್ಮೆ ಗಾಯಾಳುಗಳು ಹೆಚ್ಚಾಗಿ ಹಾಸಿಗೆಗಳು ಕಡಿಮೆಯಾಗುವುದುಂಟು. ಕುರುಗೋಡಿನ ದೊಡ್ಡಬಸವೇಶ್ವರನ ರಥೋತ್ಸವವನ್ನು ಕಂಡವರಿಗೆ ಆ ಜನಸಾಗರದ ಕಲ್ಪನೆಯಿರುತ್ತದೆ. ದೇವರು ಹಾಗೆ ಮಾಡದಿರಲಿ. ಅಂತಹ ಸಂದಣಿಯಲ್ಲಿ ಒಂದು ನೂಕುನುಗ್ಗಲಾಗಿ ಅರವತ್ತು ಮಂದಿ ಒಮ್ಮೆಗೇ ಆಸ್ಪತ್ರೆಯ ಬಾಗಿಲಿಗೆ ಬಂದರೆಂದು ಭಾವಿಸೋಣ. ಮೊದಲು ಯಾರನ್ನು ನೋಡಬೇಕು? ಹೆಚ್ಚು ಕೂಗುವವನನ್ನೇ? ಶಾಸಕರಿಂದ ಫೋನು ಮಾಡಿಸಿದವನನ್ನೇ? ಎರಡು ಶತಮಾನಗಳ ಹಿಂದೆ ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯನಾಗಿದ್ದ ಲಾರೇ ಎಂಬಾತನು, ಪದವಿಯನ್ನು ನೋಡದೆ ಗಾಯವನ್ನು ನೋಡಿ ಚಿಕಿತ್ಸೆ ಮಾಡಬೇಕೆಂಬ ಪದ್ಧತಿಯನ್ನು ರೂಢಿಗೆ ತಂದನು. ಇಂದು ಲೋಕದಲ್ಲೆಲ್ಲ ಅದರಿಂದ ಬೆಳೆದ ಕ್ರಮವೇ ನಡೆಯುತ್ತಿದೆ. ಈಗಲೇ ನೋಡದಿದ್ದರೆ ಸಾಯುವವನಿಗೆ ಕೆಂಪು ಚೀಟಿ, ಕೆಲವು ಗಂಟೆ ತಾಳಬಲ್ಲವನಿಗೆ ಹಳದಿ, ನಡೆದಾಡಬಲ್ಲವನಿಗೆ ಹಸುರು, ಮೃತನಿಗೂ ಉಳಿಸುವ ಉಪಾಯವಿಲ್ಲದವನಿಗೂ ಕಪ್ಪು.

ಕಪ್ಪು ಚೀಟಿಯನ್ನು ಕಟ್ಟುವ ಕೈ ನಡುಗದಿರಲಾರದು. ಆದುದರಿಂದಲೇ ಆ ನಿರ್ಣಯಕ್ಕೆ ಕಟ್ಟುಪಾಡುಗಳು ಬೇಕು. ಜಾತಿ, ಹಣ, ಪ್ರಭಾವಗಳು ಅದರಲ್ಲಿ ಸೇರಕೂಡದು. ನಿಯಮವು ಮೊದಲೇ ಬರೆದದ್ದಾಗಿರಬೇಕು. ವಿಂಗಡಿಸುವವನು ಒಬ್ಬನಾದರೆ, ಸಂದೇಹವಾದಾಗ ಕೇಳಲು ಇನ್ನೊಬ್ಬನಿರಬೇಕು. ಗಳಿಗೆಗೊಮ್ಮೆ ಮತ್ತೆ ನೋಡಬೇಕು. ಕಪ್ಪು ಚೀಟಿಯವನು ಕಣ್ಣು ತೆರೆದಾನು. ಉಳಿಸಲಾಗದವನನ್ನು ಮೂಲೆಗೆ ತಳ್ಳದೆ, ನೋವು ತಗ್ಗುವ ಮದ್ದು, ಒದ್ದೆ ಬಟ್ಟೆ, ಹಿಡಿಯಲು ಒಂದು ಕೈ, ಇಷ್ಟನ್ನಾದರೂ ಕೊಡಬೇಕು. ಚಿಕಿತ್ಸೆಯು ನಿಲ್ಲಬಹುದು, ಶುಶ್ರೂಷೆಯು ನಿಲ್ಲಕೂಡದು. ಪ್ರಾಣಾಪಾಯದಲ್ಲಿ ಬಂದ ಗಾಯಾಳುವಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ವೈದ್ಯನೂ ಪೊಲೀಸು ಕಾಗದಗಳಿಗಾಗಿ ಕಾಯದೆ ಮೊದಲು ಚಿಕಿತ್ಸೆ ಮಾಡಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೧೯೮೯ರಲ್ಲಿಯೇ ವಿಧಿಸಿದೆಯೆಂಬುದನ್ನೂ ಗೃಹಸ್ಥರು ನೆನಪಿನಲ್ಲಿಡತಕ್ಕದ್ದು.

ಮೃತರ ವಿಷಯದಲ್ಲಿಯೂ ಧರ್ಮವುಂಟು. ೨೦೨೦ರ ಜೂನ್ ಕೊನೆಯಲ್ಲಿ, ಕೋವಿಡ್ ರೋಗದಿಂದ ತೀರಿಕೊಂಡ ಹಲವರ ದೇಹಗಳನ್ನು ಬಳ್ಳಾರಿಯಲ್ಲಿ ಒಂದೇ ಗುಂಡಿಗೆ ಎಸೆಯುವಂತಿದ್ದ ದೃಶ್ಯವು ಎಲ್ಲರ ಕಣ್ಣಿಗೂ ಬಿತ್ತು. ಜಿಲ್ಲಾಡಳಿತವು ಕ್ಷಮೆ ಕೇಳಿತು. ಆ ಕೆಲಸದವರನ್ನು ಬದಲಾಯಿಸಿತು. ಆ ಕೆಲಸಗಾರರೂ ಭಯದಲ್ಲಿ, ಸೆಕೆಯ ಉಡುಪಿನಲ್ಲಿ, ಯಾರೂ ಹತ್ತಿರ ಬರದ ದಿನಗಳಲ್ಲಿ ದುಡಿದವರೇ. ಅವರಿಗೆ ಮೊದಲೇ ತರಬೇತಿಯೂ ಗೌರವದ ಮಾತೂ ದೊರೆತಿದ್ದರೆ ಆ ದೇಹಗಳಿಗೂ ಗೌರವ ದೊರೆಯುತ್ತಿತ್ತು. ೨೦೨೧ರ ಮೇ ತಿಂಗಳ ೨ ಮತ್ತು ೩ರಂದು ಚಾಮರಾಜನಗರದ ಆಸ್ಪತ್ರೆಯಲ್ಲಿ ೨೪ ಮಂದಿ ತೀರಿಕೊಂಡಾಗ, ಪ್ರಾಣವಾಯುವಿನ ಅಭಾವದಿಂದ ಸತ್ತವರು ಮೂವರು ಮಾತ್ರವೆಂದು ಮೊದಲು ಹೇಳಲಾಗಿತ್ತು. ಉಚ್ಚ ನ್ಯಾಯಾಲಯವು ನೇಮಿಸಿದ ಸಮಿತಿಯು ಬೇರೆಯೇ ಮಾತನ್ನು ಹೇಳಿ, ಅಭಾವವೇ ಕಾರಣವೆಂದಿತು. ಅದೇ ತಿಂಗಳಲ್ಲಿ ನಮ್ಮ ಜಿಲ್ಲೆಯ ತೋರಣಗಲ್ಲಿನಲ್ಲಿ, ಉಕ್ಕಿನ ಕಾರ್ಖಾನೆಯ ಪ್ರಾಣವಾಯುವನ್ನು ಕೊಳವೆಯಿಂದಲೇ ಹಾಸಿಗೆಗಳಿಗೆ ಹರಿಸುವ ದೊಡ್ಡ ತಾತ್ಕಾಲಿಕ ಆಸ್ಪತ್ರೆಯು ಎದ್ದಿತು. ಮನಸ್ಸು ಮಾಡಿದರೆ ಏನಾದೀತೆಂಬುದಕ್ಕೆ ಅದು ಸಾಕ್ಷಿ. ಮೊದಲೇ ಮನಸ್ಸು ಮಾಡಬೇಕಿತ್ತೆಂಬುದಕ್ಕೂ ಅದೇ ಸಾಕ್ಷಿ.

ಇನ್ನು ನಮ್ಮ ಪಾಲಿನ ಕರ್ತವ್ಯ. ವೈದ್ಯರನ್ನು ಬೈಯುವುದು ಸುಲಭ. ಆಸ್ಪತ್ರೆಯ ಗಾಜು ಒಡೆಯುವುದು ಇನ್ನೂ ಸುಲಭ. ಅದರಿಂದ ಯಾರ ಉಸಿರೂ ಮರಳುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಊರಿನವರೂ ಸೇರಿದ ಆರೋಗ್ಯ ರಕ್ಷಾ ಸಮಿತಿಗಳುಂಟು. ಅವುಗಳ ಸದಸ್ಯರನ್ನು ಕಂಡು, “ಜನರೇಟರನ್ನು ಕಡೆಯ ಸಲ ಯಾವಾಗ ಪರೀಕ್ಷಿಸಿದರಯ್ಯಾ? ಕೀಲಿಕೈ ಎಲ್ಲಿದೆ?” ಎಂದು ವಿನಯದಿಂದ ಕೇಳಿರಿ. ಕೇಳುವವರಿದ್ದರೆ ನೋಡುವವರೂ ಇರುತ್ತಾರೆ. ಮನೆಯಲ್ಲಿ ಎಲ್ಲರ ರಕ್ತದ ಗುಂಪು, ಹಿರಿಯರು ಸೇವಿಸುವ ಔಷಧಿಗಳ ಹೆಸರು, ಸಮೀಪದ ಆಸ್ಪತ್ರೆಯ ದೂರವಾಣಿ, ಆಂಬ್ಯುಲೆನ್ಸಿನ ೧೦೮ ಎಂಬ ಸಂಖ್ಯೆ, ಇವನ್ನು ಒಂದು ಹಾಳೆಯಲ್ಲಿ ಬರೆದು ಪಂಚಾಂಗದ ಪಕ್ಕದಲ್ಲಿ ತೂಗುಹಾಕಿರಿ. ರಕ್ತದಾನವನ್ನು ಅಪಘಾತದ ದಿನಕ್ಕಾಗಿ ಕಾಯಿಸದೆ ಮೊದಲೇ ಮಾಡಿರಿ. ಊರಿನಲ್ಲಿ ಅನಾಹುತವಾದಾಗ ನೋಡಲೆಂದು ಆಸ್ಪತ್ರೆಯ ಬಾಗಿಲಿಗೆ ಗುಂಪುಕಟ್ಟಬೇಡಿರಿ. ಆ ಬಾಗಿಲು ಸ್ಟ್ರೆಚರಿಗೆ ಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಯನ್ನು ನಾವೆಲ್ಲರೂ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಈ ಗಾದೆಯು ನಮ್ಮನ್ನು ಕುರಿತೂ ಹೇಳಿದ್ದೆಂಬುದನ್ನು ಮಾತ್ರ ಮರೆತಿದ್ದೇವೆ. ಅಕ್ಕನವರು ಗುಣವಾಗಿ ಮನೆಗೆ ಬಂದ ಮೇಲೆ ನಾವು ಹಣ್ಣು ತೆಗೆದುಕೊಂಡು ಆ ದಾದಿಯನ್ನು ಕಾಣಲು ಹೋಗಿದ್ದೆವು. ಅವಳು ಹಣ್ಣನ್ನು ಕಣ್ಣಿಗೊತ್ತಿಕೊಂಡು, “ಒಂದು ಒಳ್ಳೆಯದಾಯಿತು ಯಜಮಾನ್ರೇ, ಬನ್ನಿ” ಎಂದು ಕರೆದೊಯ್ದು ತೋರಿಸಿದಳು. ಜನರೇಟರಿನ ಕೋಣೆಯ ಹೊರಗೆ ಒಂದು ಮೊಳೆ ಹೊಡೆದಿದ್ದರು. ಕೀಲಿಕೈಯು ಅದಕ್ಕೆ ತೂಗುತ್ತಿತ್ತು.